ನಿಮ್ಮ ಬರಹದಲ್ಲಿ ಆ ಗಾರ್ಡ್ ಎಲ್ಲಿ ಹೋದರು?

ನಮಸ್ಕಾರ.

ನಮ್ಮ ಪತ್ರಿಕೆಗೆ ನೀವು ಕಳಿಸಿದ ಪ್ರವಾಸ ಬರಹ ‘ಮಂಜಿನ ಮಡಿಲಲ್ಲಿ ಒಂಟಿ ಪಯಣ’ ಓದಿದೆ. ಈಗಿರುವ ರೂಪದಲ್ಲಿ ಪ್ರಕಟಿಸಲು ಆಗುವುದಿಲ್ಲ. ಮೊದಲೇ ಹೇಳಿಬಿಟ್ಟೆ, ಯಾಕೆಂದರೆ ಎರಡು ಪುಟ ಹೊಗಳಿ ಕೊನೆಯ ಸಾಲಿನಲ್ಲಿ ‘ವಿಷಾದವಿದೆ’ ಅನ್ನುವ ಪತ್ರಗಳು ನನಗೆ ಇಷ್ಟವಿಲ್ಲ. ಆದರೆ ಇದನ್ನು ತಿದ್ದಿ ಮತ್ತೆ ಕಳಿಸಿ ಅಂತ ಕೇಳಲಿಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ. ಎಲ್ಲರಿಗೂ ಹೀಗೆ ಬರೆಯಲು ಪುರುಸೊತ್ತು ಸಿಗುವುದಿಲ್ಲ. ನೀವು ಒಪ್ಪಿದ ಹಾಗೆ ಈ ಪತ್ರವನ್ನು ಪತ್ರಿಕೆಯಲ್ಲೇ ಹಾಕುತ್ತಿದ್ದೇನೆ, ನಿಮ್ಮ ಹೆಸರು, ಊರು ಎರಡನ್ನೂ ಬಿಟ್ಟಿದ್ದೇನೆ. ತಾಯಿಯನ್ನು ಕಳೆದುಕೊಂಡು ಬೆಟ್ಟ ಹತ್ತಿದವರ ಬರಹಗಳು ನಮಗೆ ಬೇರೆಯೂ ಬರುತ್ತವೆ. ಅವರಿಗೂ ಉಪಯೋಗವಾಗಬಹುದು.

ಓದುಗರಿಗಾಗಿ ಚಿಕ್ಕದಾಗಿ ಕತೆ ಹೇಳುತ್ತೇನೆ. ಜೂನ್ ಮಳೆಯಲ್ಲಿ ಅವ್ವ ತೀರಿಕೊಂಡರು. ಅಕ್ಟೋಬರ್‌ನಲ್ಲಿ, ತಲಕಾವೇರಿಯ ತುಲಾ ಸಂಕ್ರಮಣ ಜಾತ್ರೆಯ ಜನ ಕರಗಿದ ಮೇಲೆ, ಮಗಳು ಬೆಂಗಳೂರಿನಿಂದ ಒಬ್ಬಳೇ ಕೊಡಗಿಗೆ ಹೊರಟಳು. ಭಾಗಮಂಡಲ, ತಲಕಾವೇರಿ, ಕಕ್ಕಬ್ಬೆಯಿಂದ ತಡಿಯಂಡಮೋಳ್, ಕೊನೆಗೆ ಇರ್ಪು ಜಲಪಾತದ ಮೇಲಿನ ಬ್ರಹ್ಮಗಿರಿ. ಹೋದಲ್ಲೆಲ್ಲ ಮಂಜು, ಮಂಜಿನಲ್ಲಿ ಅಳು, ಬೆಟ್ಟದ ತುದಿಯಲ್ಲಿ ಸಮಾಧಾನ.

ಮೊದಲ ಮೂರು ಪುಟ ತೆಗೆದುಬಿಡಿ. ‘ಕರ್ನಾಟಕದ ಕಾಶ್ಮೀರ’, ‘ಭಾರತದ ಸ್ಕಾಟ್ಲೆಂಡ್’ ಎರಡೂ ಒಂದೇ ಪ್ಯಾರಾದಲ್ಲಿವೆ. ಅಷ್ಟು ದೂರ ಸುತ್ತಿಬಂದ ಮೇಲೆ ಓದುಗ ಕೊಡಗಿಗೆ ಕಾಲಿಡಬೇಕು. ಆ ಮಾತುಗಳನ್ನು ಹೋಂಸ್ಟೇ ಬೋರ್ಡಿನವರಿಗೆ ಬಿಡೋಣ. ಹಸಿರು ಸೀರೆ ಉಟ್ಟ ಬೆಟ್ಟವೂ ಬೇಡ. ತಲಕಾವೇರಿಯ ಸ್ಥಳಪುರಾಣವೂ ಬೇಡ, ನಮ್ಮ ಓದುಗರಿಗೆ ಅದು ಬಾಯಿಪಾಠ. ಇನ್ನು ಮಂಜು. ಆ ಪದ ಬಂದಲ್ಲೆಲ್ಲ ಪೆನ್ಸಿಲ್‌ನಲ್ಲಿ ಗೆರೆ ಎಳೆಯುತ್ತಾ ಹೋದೆ, ಆಮೇಲೆ ಸಾಕಾಗಿ ಬಿಟ್ಟೆ. ಬೆಟ್ಟದಲ್ಲಿ ಮಂಜು ಇರುವುದು ನಿಜವೇ. ನನ್ನ ತಕರಾರು ಬೇರೆ. ಅವ್ವನ ಬಗ್ಗೆ ಏನೋ ಒಂದು ಹೇಳಲು ನೀವು ಹೊರಟಾಗಲೆಲ್ಲ ಸರಿಯಾಗಿ ಅದೇ ಹೊತ್ತಿಗೆ ಮಂಜು ಕವಿಯುತ್ತದೆ, ಪ್ಯಾರಾ ಮುಗಿಯುತ್ತದೆ.

ಈಗ ಹನ್ನೆರಡನೇ ಪುಟಕ್ಕೆ ಬನ್ನಿ. ಅಲ್ಲಿ ಒಂದು ಸಾಲು ಇದೆ: ‘ಅವರು ಕೊಟ್ಟ ಹೊಗೆಸೊಪ್ಪನ್ನು ಕಾಲಿಗೆ ಉಜ್ಜಿಕೊಂಡೆ, ಜಿಗಣೆ ಉದುರಿತು.’

ಅವರು ಅಂದರೆ ಯಾರು?

ಅದಕ್ಕೆ ಮೊದಲು ‘ಸುತ್ತ ನರಪಿಳ್ಳೆ ಇರಲಿಲ್ಲ’ ಅಂತ ಬರೆದಿದ್ದೀರಿ. ‘ನಾನು ಮತ್ತು ಕಾಡು ಮಾತ್ರ’ ಅಂತಲೂ ಬರೆದಿದ್ದೀರಿ. ಇರ್ಪಿನಿಂದ ಬ್ರಹ್ಮಗಿರಿಗೆ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಯಾರನ್ನೂ ಬಿಡುವುದಿಲ್ಲ. ಅನುಮತಿ ಸಿಕ್ಕರೂ ಇಲಾಖೆಯ ಕಡೆಯವರು ಒಬ್ಬರು ಜೊತೆಗೆ ಬರುತ್ತಾರೆ. ಅದು ವನ್ಯಜೀವಿಧಾಮ, ಆಚೆ ಬದಿ ಕೇರಳ. ಕುಟ್ಟ, ಶ್ರೀಮಂಗಲದ ಕಡೆಯ ಯಾರೇ ಓದಿದರೂ ಮೊದಲು ಕೇಳುವುದು ಇದನ್ನೇ: ಗಾರ್ಡ್ ಎಲ್ಲಿ ಹೋದರು? ನೀವು ಅವರನ್ನು ಅಳಿಸಿದ್ದೀರಿ. ಹೊಗೆಸೊಪ್ಪು ಹಿಡಿದ ಕೈ ಮಾತ್ರ ಉಳಿದುಬಿಟ್ಟಿದೆ.

ಸುಳ್ಳು ಬರೆದಿದ್ದೀರಿ ಅಂತ ಗದರಿಸಲು ಇದನ್ನು ಎತ್ತಿಲ್ಲ. ಒಂಟಿ ಪಯಣ ಅಂದಮೇಲೆ ಒಂಟಿಯಾಗಿಯೇ ಕಾಣಿಸಬೇಕು ಅಂತ ನಿಮಗೆ ಅನ್ನಿಸಿರಬಹುದು. ಈಚೆಗೆ ಇಂಥ ಬರಹಗಳಿಗೆ ಒಂದು ಅಚ್ಚು ತಯಾರಾಗಿದೆ, ಅದರಲ್ಲಿ ಬೆನ್ನಿಗೆ ಚೀಲ ಹಾಕಿದ ಒಬ್ಬರೇ ಇರುತ್ತಾರೆ. ಆದರೆ ಯೋಚನೆ ಮಾಡಿ. ಅವ್ವ ಸತ್ತ ನಾಲ್ಕು ತಿಂಗಳಿಗೆ, ಗುರುತಿಲ್ಲದ ಒಬ್ಬರ ಹಿಂದೆ ಗಂಟೆಗಟ್ಟಲೆ ಹುಲ್ಲುಗಾವಲು ಹತ್ತಿದ್ದೀರಿ. ಕಾಲಿಗೆ ಅವ್ವನ ಗಮ್‌ಬೂಟು. ಅದು ನಿಮಗೆ ಚಿಕ್ಕದು, ಬೆರಳು ನೋಯುತ್ತಿತ್ತು. ಇದೂ ಅರ್ಧ ಸಾಲಿನಲ್ಲಿ ಬಂದು ಹೋಗಿದೆ! ಟ್ರೆಕ್ಕಿಂಗ್‌ಗೆ ಬರುವವರು ತೋಟದ ಗಮ್‌ಬೂಟು ಹಾಕಿಕೊಂಡು ಬರುವುದಿಲ್ಲ. ಆ ಮನುಷ್ಯ ನೋಡದೆ ಇರುತ್ತಾರಾ? ಏನಾದರೂ ಕೇಳಿದರಾ? ನೀವು ನಿಜ ಹೇಳಿದಿರಾ, ಇಲ್ಲ ಬಾಡಿಗೆಗೆ ಸಿಕ್ಕಿದ್ದು ಅಂದಿರಾ? ಅವರು ಸುಮ್ನೆ ಮುಂದೆ ನಡೆದು, ನೀವು ಹಿಂದೆ ಬಿದ್ದಾಗ ನಿಂತು ಕಾದರು ಅಂತಾದರೂ ಅದೇ ಒಂದು ಪುಟ ಆಗುತ್ತದೆ. ಕೂತು ಅತ್ತಿರಿ ಅಂತ ಬರೆದಿದ್ದೀರಲ್ಲ, ಆಗ ಅವರು ಎಲ್ಲಿ ನೋಡುತ್ತಿದ್ದರು? ನನಗೆ ಅದನ್ನು ಓದಬೇಕು. ನೀವು ನೋಡಿರುತ್ತೀರಿ.

ತಡಿಯಂಡಮೋಳ್ ಭಾಗದಲ್ಲೂ ಇದೇ ಕತೆ. ‘ಮನುಷ್ಯರ ಸುಳಿವಿಲ್ಲದ ಕಾಡು’ ಅಂದಿದ್ದೀರಿ. 1790ರ ದಶಕದಲ್ಲಿ ದೊಡ್ಡ ವೀರರಾಜೇಂದ್ರ ಕಟ್ಟಿಸಿದ ನಾಲ್ಕುನಾಡು ಅರಮನೆಯಿಂದ ನೀವು ಹತ್ತಲು ಶುರುಮಾಡಿದ್ದು. ಅಲ್ಲಿಂದ ಎಷ್ಟೋ ದೂರ ಜೀಪು ಹೋಗುವ ರಸ್ತೆ, ಎರಡೂ ಬದಿ ಕಾಫಿ ತೋಟ. ಚೆಕ್‌ಪೋಸ್ಟ್ ದಾಟಿದ ಮೇಲೆ ತಾನೇ ಕಾಡು, ಹುಲ್ಲು ಎಲ್ಲ? ವಾರದ ಕೊನೆಯಲ್ಲಾದರೆ ತುದಿಯಲ್ಲಿ ನಿಲ್ಲಲು ಜಾಗ ಹುಡುಕಬೇಕು. ಕೊಡಗಿನಲ್ಲಿ ಕಾಡು ಅಂದರೆ ಮನುಷ್ಯರಿಂದ ದೂರ ಎಲ್ಲೋ ಇರುವಂಥದ್ದಲ್ಲ. ಊರಿನ ನಡುವೆಯೇ, ದೇವರ ಹೆಸರಿನಲ್ಲಿ ಕಾಪಾಡಿಕೊಂಡು ಬಂದ ಸಾವಿರದ ಇನ್ನೂರಕ್ಕೂ ಹೆಚ್ಚು ದೇವರಕಾಡುಗಳಿವೆ. ನೀವು ಇಲ್ಲಿಯೇ ಹುಟ್ಟಿ ಬೆಳೆದವರು. ಬೆಂಗಳೂರಿನಿಂದ ಮೊದಲ ಸಲ ಬಂದವರ ಕಣ್ಣಿನಲ್ಲಿ ಯಾಕೆ ನೋಡುತ್ತೀರಿ?

ನನ್ನನ್ನು ಹಿಡಿದು ನಿಲ್ಲಿಸಿದ್ದು ನಾಲ್ಕನೇ ಪುಟದ ಈ ಸಾಲು: ‘ನಮ್ಮ ಕಣದಲ್ಲಿ ನಿಂತರೆ ತಡಿಯಂಡಮೋಳ್ ಕಾಣುತ್ತದೆ. ಅವ್ವ ಒಂದು ಸಲವೂ ಹತ್ತಿದವಳಲ್ಲ.’ ಆಮೇಲೆ ಏನು? ‘ವಿಧಿಯ ಆಟ’ ಅಂತ ಒಂದು ಮಾತು, ಮತ್ತೆ ಮಂಜು.

ವಿಧಿ ಅಲ್ಲ ಕಣ್ರೀ, ಕಾಫಿ! ಲೆಕ್ಕ ಹಾಕಿ ನೋಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಜೋರು ಮಳೆ, ಯಾರೂ ಬೆಟ್ಟದ ಕಡೆ ಹೋಗುವುದಿಲ್ಲ. ಮಳೆ ಬಿಟ್ಟು ಬೆಟ್ಟ ಚೆನ್ನಾಗಿ ಕಾಣುವುದು ಯಾವಾಗ? ನವೆಂಬರ್, ಡಿಸೆಂಬರ್, ಜನವರಿ. ಅರೇಬಿಕಾ ಕೊಯ್ಲು ಶುರುವಾಗುವುದೂ ಆಗಲೇ. ಅದು ಮುಗಿಯುವ ಹೊತ್ತಿಗೆ ರೋಬಸ್ಟಾ. ಹಣ್ಣು ಕಣದಲ್ಲಿ ಹರಡಿದೆ, ದಿನಕ್ಕೆ ಎಷ್ಟೋ ಸಲ ಕೈಯಾಡಿಸಬೇಕು, ಸಂಜೆ ಗುಡ್ಡೆ ಮಾಡಿ ಟಾರ್ಪಾಲು ಹೊದಿಸಬೇಕು, ಮೋಡ ಕಂಡರೆ ಓಡಬೇಕು. ಕೊಯ್ಲು ಮುಗಿಯುವಷ್ಟರಲ್ಲಿ, ಕಾಫಿ ಗಿಡ ಹೂ ಬಿಡಲು ಬೇಕಾದ ಹೂ ಮಳೆಗೆ ಕಾಯುವ ದಿನಗಳು. ಮಳೆ ಬಾರದಿದ್ದರೆ ಸ್ಪ್ರಿಂಕ್ಲರ್. ಬೆಂಗಳೂರಿನವರು ಬೆಟ್ಟ ಹತ್ತಲು ರಜೆ ಹಾಕಿ ಬರುವ ತಿಂಗಳುಗಳಲ್ಲೇ ಬೆಟ್ಟದ ಬುಡದಲ್ಲಿರುವವರು ತಲೆ ಎತ್ತಲು ಆಗುವುದಿಲ್ಲ. ನಿಮ್ಮ ಅವ್ವ ಆ ಬೆಟ್ಟದ ಕಡೆ ನೋಡುತ್ತಿದ್ದದ್ದು ಮೋಡ ಬಂತಾ ಅಂತ ತಿಳಿಯಲು ಇರಬಹುದು. ಇದು ನನ್ನ ಊಹೆ, ತಪ್ಪಾಗಿದ್ದರೆ ನೀವೇ ಸರಿಮಾಡಿ. ಆದರೆ ಅವರು ಯಾಕೆ ಹತ್ತಲಿಲ್ಲ ಅನ್ನುವುದಕ್ಕೆ ಒಂದು ಉತ್ತರ ಹುಡುಕದೆ ನೀವು ಹತ್ತಿದ್ದಕ್ಕೆ ಏನು ಅರ್ಥ? 1,748 ಮೀಟರ್, ಕೊಡಗಿನ ಅತಿ ಎತ್ತರದ ಶಿಖರ ಅನ್ನುವುದನ್ನು ಬರಹದ ಮೊದಲಲ್ಲೇ ಹಾಕಿದ್ದೀರಿ. ಆ ಎತ್ತರಕ್ಕೆ ತೂಕ ಬರುವುದು ಕೆಳಗೆ ಕಣದಲ್ಲಿ ನಿಂತವರಿಂದ.

ಇದಕ್ಕೇ ಸೇರಿದ ಒಂದು ತಪ್ಪು. ಅಕ್ಟೋಬರ್‌ನಲ್ಲಿ ನಿಮಗೆ ‘ಕಾಫಿ ಹೂವಿನ ಘಮ’ ಬಂದಿದೆ. ಹೂ ಮಳೆ ಬೀಳುವುದು ಫೆಬ್ರವರಿ, ಮಾರ್ಚ್ ಹೊತ್ತಿಗೆ, ಬಿದ್ದು ಎಂಟು ಹತ್ತು ದಿನಕ್ಕೆ ತೋಟ ಬೆಳ್ಳಗಾಗುತ್ತದೆ. ಅಕ್ಟೋಬರ್‌ನಲ್ಲಿ ಗಿಡದ ಮೇಲೆ ಕಾಯಿ ಇರುತ್ತದೆ, ಅರೇಬಿಕಾ ಅಲ್ಲಲ್ಲಿ ಕೆಂಪಾಗಲು ಶುರುವಾಗಿರುತ್ತದೆ. ಇದು ನಿಮಗೆ ಗೊತ್ತಿಲ್ಲದ್ದೇನಲ್ಲ. ಬರೆಯುವಾಗ ಚೆಂದಕ್ಕೆ ಅಂತ ಸೇರಿಸಿದ್ದೀರಿ. ನಿಮ್ಮ ಅವ್ವ ಓದಿದ್ದರೆ ಇಲ್ಲೇ ನಕ್ಕುಬಿಡುತ್ತಿದ್ದರು.

ಬ್ರಹ್ಮಗಿರಿಯ ಗೊಂದಲವನ್ನೂ ಸರಿಮಾಡಿ. ಎರಡು ಬ್ರಹ್ಮಗಿರಿ ಇವೆ. ತಲಕಾವೇರಿಯಲ್ಲಿ ಮೆಟ್ಟಿಲು ಹತ್ತಿ ಹೋಗುವುದು ಒಂದು, ದಕ್ಷಿಣದ ತುದಿಯಲ್ಲಿ ಇರ್ಪಿನ ಮೇಲಿರುವುದು ಇನ್ನೊಂದು. ಎರಡನೆಯದರಲ್ಲಿ ಹುಟ್ಟುವುದು ಲಕ್ಷ್ಮಣತೀರ್ಥ. ನೀವು ಅಲ್ಲಿ ನಿಂತು ಕಾವೇರಿಯ ಉಗಮಕ್ಕೆ ಕೈ ಮುಗಿದಿದ್ದೀರಿ.

ಆನೆಯ ಪ್ರಸಂಗವನ್ನು ಪೂರ್ತಿ ತೆಗೆಯಿರಿ ಅಂತ ಹೇಳುತ್ತೇನೆ, ಇದರಲ್ಲಿ ಚೌಕಾಸಿ ಇಲ್ಲ. ಸಿದ್ದಾಪುರದ ಹತ್ತಿರ ರಸ್ತೆ ದಾಟುತ್ತಿದ್ದ ಹೆಣ್ಣಾನೆಯಲ್ಲಿ ನಿಮಗೆ ಅವ್ವ ಕಂಡರು. ಸರಿ, ದುಃಖದಲ್ಲಿ ಏನು ಬೇಕಾದರೂ ಕಾಣಬಹುದು. ಆದರೆ ಅದೇ ಭಾಗದಲ್ಲಿ ಬೆಳಗ್ಗೆ ತೋಟಕ್ಕೆ ಹೋದ ಕೂಲಿಯವರು ಆನೆ ತುಳಿದು ಸತ್ತಿದ್ದಾರೆ. ಆನೆ ಯಾವ ತೋಟದಲ್ಲಿದೆ ಅಂತ ಫೋನ್ ನೋಡಿ ತೋಟದ ಕೂಲಿಯವರ ಲೈನ್ ಮನೆಯಿಂದ ಹೊರಗೆ ಕಾಲಿಡುವವರು ಇದ್ದಾರೆ. ಅವರೂ ನಮ್ಮ ಓದುಗರು. ಆನೆ ಕಂಡಾಗ ಕಾರು ನಿಲ್ಲಿಸಿ ಇಳಿದೆ ಅಂತ ಬೇರೆ ಬರೆದಿದ್ದೀರಿ! ದಯವಿಟ್ಟು ಹಾಗೆ ಮಾಡಬೇಡಿ, ಬರಹದಲ್ಲೂ, ರಸ್ತೆಯಲ್ಲೂ.

ಇನ್ನೊಂದು ಕಡೆ ನೀವು ಚೆನ್ನಾಗಿ ಬರೆದಿದ್ದೀರಿ. ಕೊಡವರ ಕಕ್ಕಡ ತಿಂಗಳ ಹದಿನೆಂಟನೇ ದಿನ ತಿನ್ನುವ ಮದ್ದು ಸೊಪ್ಪು. ಪ್ರತಿ ವರ್ಷ ಆಗಸ್ಟ್ ಮೊದಲ ವಾರ ಅವ್ವ ಸೊಪ್ಪನ್ನು ಪೇಪರಿನಲ್ಲಿ ಸುತ್ತಿ ಬೆಂಗಳೂರು ಬಸ್ಸಿನಲ್ಲಿ ಕಳಿಸುತ್ತಿದ್ದದ್ದು. ಅಲ್ಲಿ ನೀವು ಕುದಿಸಿ, ಆ ನೇರಳೆ ಬಣ್ಣದ ರಸದಲ್ಲಿ ಪಾಯಸ ಮಾಡಿ ತಿನ್ನುತ್ತಿದ್ದದ್ದು. ಮರುದಿನ ಅವ್ವ ಫೋನ್ ಮಾಡಿ, ‘ಮೂತ್ರ ಕೆಂಪಾಯ್ತಾ?’ ಅಂತ ಕೇಳುತ್ತಿದ್ದದ್ದು, ಆಫೀಸಿನಲ್ಲಿ ನೀವು ಫೋನ್ ಹಿಡಿದು ಹೊರಗೆ ಓಡುತ್ತಿದ್ದದ್ದು. ಈ ಆಗಸ್ಟ್‌ನಲ್ಲಿ ಪಾರ್ಸೆಲ್ ಬರಲಿಲ್ಲ. ಇಡೀ ಬರಹದಲ್ಲಿ ನಿಮ್ಮ ಅವ್ವ ಬಾಯಿ ಬಿಟ್ಟು ಮಾತಾಡುವುದು ಇದೊಂದೇ ಕಡೆ. ಅದಕ್ಕೇ ಅವರು ನನಗೆ ಕಂಡದ್ದೂ ಅಲ್ಲೇ. ಇಲ್ಲಿ ಒಂದು ಅಕ್ಷರವನ್ನೂ ಮುಟ್ಟಬೇಡಿ. ‘ಆ ನೇರಳೆ ಬಣ್ಣ ಈಗ ನನ್ನ ನೋವಿನ ಬಣ್ಣ’ ಅನ್ನುವ ಕೊನೆಯ ಸಾಲನ್ನು ಮಾತ್ರ ಹೊಡೆದುಹಾಕಿ.

ಇನ್ನು ಅಣ್ಣ. ಭಾಗಮಂಡಲದ ಪುಟದಲ್ಲಿ ಆವರಣದೊಳಗೆ ಹೀಗಿದೆ: ‘ಜೂನ್‌ನಲ್ಲಿ ನೀರು ಉಕ್ಕಿದ್ದಾಗ ಅಣ್ಣ ಇಲ್ಲೇ ಪಿಂಡ ಬಿಟ್ಟಿದ್ದ. ಈಗ ನಾವು ಮಾತಾಡುವುದಿಲ್ಲ.’ ಆವರಣ ಮುಚ್ಚಿ, ಸಂಗಮದ ವರ್ಣನೆಗೆ ಹೋಗಿದ್ದೀರಿ. ನೀವು ಒಬ್ಬರೇ ಯಾಕೆ ಹೊರಟಿರಿ ಅನ್ನುವುದು ಆ ಆವರಣದೊಳಗೆ ಇದೆ ಅಂತ ನನ್ನ ಗುಮಾನಿ. ಗಾರ್ಡ್‌ನನ್ನು ಅಳಿಸಿದ ಹಾಗೆಯೇ ಅಣ್ಣನನ್ನೂ ಅಳಿಸಿದ್ದೀರಿ. ಹೀಗೆ ಒಬ್ಬೊಬ್ಬರನ್ನೇ ಹೊರಗೆ ಕಳಿಸುವಾಗ ಅವ್ವನೂ ಹೊರಟುಹೋಗಿದ್ದಾರೆ. ಅವರು ಆ ಮನುಷ್ಯರ ನಡುವೆ ಬದುಕಿದವರು ತಾನೇ?

ನಿಮ್ಮ ಪತ್ರದಲ್ಲಿ ಕೇಳಿದ್ದೀರಿ: ಅಣ್ಣನ ವಿಷಯ ಬರೆದರೆ ಮೊದಲು ಅವನಿಗೆ ಓದಿಸಬೇಕಾ? ಬರೆಯುವಾಗ ಬೇಡ. ಯಾರೋ ಹಿಂದೆ ನಿಂತು ಓದುತ್ತಿದ್ದಾರೆ ಅನ್ನಿಸಿದರೆ ಮತ್ತೆ ಮಂಜು ಬರುತ್ತದೆ. ಅಚ್ಚಿಗೆ ಹೋಗುವ ಮೊದಲು ಮಾತ್ರ ಬೇಕು. ಕೊಡಗು ಚಿಕ್ಕ ಜಿಲ್ಲೆ. ಮನೆತನದ ಹೆಸರು ಬಿಟ್ಟರೂ, ಕಣದಿಂದ ಯಾವ ಬೆಟ್ಟ ಕಾಣುತ್ತದೆ ಅಂತ ಹೇಳಿದರೆ ಸಾಕು, ವಿರಾಜಪೇಟೆ ಸಂತೆಯಲ್ಲಿ ಯಾರ ಮನೆ ಅಂತ ಹೇಳಿಬಿಡುತ್ತಾರೆ. ತೋಟ ಪಾಲಾಗುವ ಜಗಳ ಇದ್ದರೆ ಅದರ ವಿವರ ನನಗೆ ಬೇಡ, ಓದುಗರಿಗೂ ಬೇಡ. ಎಕರೆ ಲೆಕ್ಕ ವಕೀಲರ ಹತ್ತಿರ ಇರಲಿ. ಅವ್ವನ ಸಾವಿನ ದಿನ ಅಣ್ಣ ಅಂಗಳದಲ್ಲಿ ನಿಂತು, ಸಾವಿನ ಸುದ್ದಿ ಸಾರಲು ಎರಡು ಗುಂಡು ಹಾರಿಸಿದ್ದನ್ನು ನೀವು ಫೋನಿನಲ್ಲಿ ಕೇಳಿಸಿಕೊಂಡಿರಿ, ಬಸ್ಸು ಇನ್ನೂ ಹುಣಸೂರಿನಲ್ಲಿತ್ತು ಅಂತ ಬರೆದಿದ್ದೀರಲ್ಲ, ಅಷ್ಟು ಅಣ್ಣ ಸಾಕು. ಅದನ್ನು ಎಂಟನೇ ಪುಟದಿಂದ ಮೇಲಕ್ಕೆ ತನ್ನಿ. ಅವನು ಬೇಡ ಅಂದರೆ ಆಗ ನನಗೆ ಫೋನ್ ಮಾಡಿ, ಏನು ಮಾಡಬಹುದು ನೋಡೋಣ. ನನ್ನ ಅನುಭವದಲ್ಲಿ ಹೆಚ್ಚಿನವರು ಬೇಡ ಅನ್ನುವುದಿಲ್ಲ. ಯಾವುದೋ ತಾರೀಖು ತಪ್ಪಿದೆ, ಬಂದೂಕು ಯಾರದ್ದು ಅಂತ ತಪ್ಪಾಗಿದೆ ಅಂತ ಜಗಳ ತೆಗೆಯುತ್ತಾರೆ. ಆ ತಿದ್ದುಪಡಿಗಳು ಬರಹಕ್ಕೆ ಲಾಭವೇ.

ತುದಿಯಲ್ಲಿ ಸಿಕ್ಕ ಸಮಾಧಾನದ ಬಗ್ಗೆ ನನಗೆ ನಂಬಿಕೆ ಬರಲಿಲ್ಲ. ನಿಮಗೂ ಬಂದಿಲ್ಲ ಅನ್ನಿಸುತ್ತದೆ. ಬಂದಿದ್ದರೆ ಅದನ್ನು ಅಷ್ಟು ದೊಡ್ಡ ಪದಗಳಲ್ಲಿ ಹೇಳಬೇಕಾಗಿರಲಿಲ್ಲ. ಸಮಾಧಾನ ಸಿಗದಿದ್ದರೆ ಸಿಗಲಿಲ್ಲ ಅನ್ನಿ, ಅಥವಾ ಆ ವಿಷಯ ಎತ್ತಲೇಬೇಡಿ. ಕಾಲು ನೋಯುತ್ತಿತ್ತು, ಹಸಿವಾಗಿತ್ತು, ಇಳಿಯಲು ಹೊತ್ತಾಗುತ್ತಿತ್ತು ಅಂತಿದ್ದರೂ ಸಾಕು.

ಕೆಲಸದ ಮಾತು. ಒಂದೂವರೆ ಸಾವಿರ ಪದ ದಾಟಬೇಡಿ. ತಲಕಾವೇರಿ ಬಿಟ್ಟರೂ ನಡೆಯುತ್ತದೆ, ಒಂದೇ ಬೆಟ್ಟ ಸಾಕು. ಯಾವುದು ಅಂತ ನೀವೇ ನೋಡಿ. ಶೀರ್ಷಿಕೆ ಕೊನೆಗೆ ಇಟ್ಟುಕೊಳ್ಳೋಣ. ಪುತ್ತರಿ ಸುಗ್ಗಿ ಹಬ್ಬದ ಸಂಚಿಕೆ ಆಗಲೇ ತುಂಬಿದೆ, ಹಾಗಾಗಿ ಅವಸರವಿಲ್ಲ. ಮತ್ತೆ, ‘ನುಡಿ’ ತಂತ್ರಾಂಶದಲ್ಲಿ ಟೈಪ್ ಮಾಡಿದ್ದನ್ನು ಹಾಗೇ ಕಳಿಸಬೇಡಿ. ನಮ್ಮ ಕಂಪ್ಯೂಟರಿನಲ್ಲಿ ಒತ್ತಕ್ಷರ ಅರ್ಧಕ್ಕರ್ಧ ಹಾರಿಹೋಗಿ, ಓದಲು ಬಹಳ ಕಷ್ಟವಾಯಿತು. ಯೂನಿಕೋಡ್‌ಗೆ ಬದಲಾಯಿಸಿ, ಒಮ್ಮೆ ನೀವೇ ಓದಿ ನೋಡಿ, ಆಮೇಲೆ ಇಮೇಲ್ ಮಾಡಿ.