ಸ್ಟ್ರಿಂಗ್ (ಅಕ್ಷರಗಳ ಸಾಲು), ಬೈಟ್ಸ್ (ಫೈಲಿನಲ್ಲಿ ಕೂರುವ ಕಚ್ಚಾ ರೂಪ) ಎರಡೂ ಒಂದೇ ಅಲ್ವಾ? ಪೈಥಾನ್ ಅನ್ನುವ ಪ್ರೋಗ್ರಾಮಿಂಗ್ ಭಾಷೆ ಅವೆರಡನ್ನು ಯಾಕೆ ಕೂಡಿಸಲು ಬಿಡುವುದಿಲ್ಲ?

ಪೈಥಾನ್ 2ರಲ್ಲಿ ಸುಮ್ನೆ ನಡೆಯುತ್ತಿದ್ದ ಕೋಡ್ 3ರಲ್ಲಿ ಟೈಪ್ ಎರರ್ (ಜಾತಿ ಹೊಂದುವುದಿಲ್ಲ ಅನ್ನುವ ದೂರು) ಕೊಡುತ್ತದೆ ಅಂತ ಬರೆದಿದ್ದೀರಿ. ನಾನೂ ಅದನ್ನು ಬೈದುಕೊಂಡವನೇ.

ನಾನಿರುವುದು ಮುಂಬೈಯಲ್ಲಿ. ಇಲ್ಲಿನ 'ಬೆಸ್ಟ್' ಸಂಸ್ಥೆಯ ಸಿಟಿ ಬಸ್ಸುಗಳ ಹಣೆಯ ಮೇಲೆ ನಂಬರು ಮರಾಠಿ ಅಂಕಿಯಲ್ಲಿ, ಬಸ್ಸಿನ ಬದಿಯಲ್ಲಿ ಇಂಗ್ಲಿಷ್ ಅಂಕಿಯಲ್ಲಿ ಇರುತ್ತಿತ್ತು. ಊರಿಂದ ಬಂದ ಹೊಸತರಲ್ಲಿ, ಬದಿಯ ಬೋರ್ಡ್ ಕಾಣುವಷ್ಟರಲ್ಲಿ ನನ್ನ ಬಸ್ಸೇ ಹೊರಟುಹೋಗುತ್ತಿತ್ತು. ಬಸ್ ಒಂದೇ, ಬರಹ ಎರಡು.

ಪೈಥಾನ್‌ನಲ್ಲೂ ನೋಡಿ. ೩೫೧ ಮತ್ತು 351 ಎರಡನ್ನೂ ಸ್ಟ್ರಿಂಗ್ ಆಗಿ ಹೋಲಿಸಿದರೆ ಬೇರೆ ಬೇರೆ ಅನ್ನುತ್ತದೆ. ಸಂಖ್ಯೆ ಮಾಡಿಕೊಡುವ ಇಂಟ್‌ಗೆ ಕೊಟ್ಟರೆ ಎರಡಕ್ಕೂ ಅದೇ ಸಂಖ್ಯೆ ಬರುತ್ತದೆ. ಹೌದು, ಕನ್ನಡ ಅಂಕಿಯೂ ಅದಕ್ಕೆ ಅರ್ಥವಾಗುತ್ತದೆ! ಅದೇ ೩೫೧ ಫೈಲಿಗೆ ಹೋಗುವಾಗ ಇನ್ನೊಂದು ವೇಷ: ಯೂಟಿಎಫ್-8 ಅನ್ನುವ ಎನ್‌ಕೋಡಿಂಗ್‌ನಲ್ಲಿ (ಅಕ್ಷರವನ್ನು ಬೈಟ್ ಮಾಡುವ ಪದ್ಧತಿ) 9 ಬೈಟ್, ಯೂಟಿಎಫ್-16ರಲ್ಲಿ, ಫೈಲಿನ ಆರಂಭದ ಗುರುತು ಬಿಟ್ಟರೆ, 6. ಸಂಖ್ಯೆ, ಅಕ್ಷರ, ಬೈಟ್ ಮೂರೂ ಬೇರೆ. ಪೈಥಾನ್ 2 ಕೊನೆಯ ಎರಡನ್ನು ಕಲಸಿಬಿಟ್ಟಿತ್ತು. ಬರೀ ಇಂಗ್ಲಿಷ್ ಇರುವ ತನಕ ಗೊತ್ತೇ ಆಗುತ್ತಿರಲಿಲ್ಲ.

ಒಮ್ಮೆ ಮಾಟುಂಗಾ ಕಡೆಯ ಒಂದು ಕನ್ನಡ ಸಂಘಕ್ಕೆ ವಿಳಾಸದ ಚೀಟಿ ಮಾಡಿಕೊಡುತ್ತಿದ್ದೆ. ಎರರ್ ಬಂತು. ಬಾಯಿ ಮುಚ್ಚಿಸೋಣ ಅಂತ ಇಂಗ್ಲಿಷ್ ಅಕ್ಷರ, ಅಂಕಿ, ಚಿಹ್ನೆಗಳಷ್ಟೇ ಗೊತ್ತಿರುವ ಆಸ್ಕಿಗೆ ಎನ್‌ಕೋಡ್ ಮಾಡಿ, ಆಗದ್ದನ್ನು 'ರಿಪ್ಲೇಸ್' ಮಾಡು ಅಂದೆ. ಅದೇ ಫೈಲಿನ ಮೇಲೇ ಬರೆದೆ. 'ಶೆಟ್ರು' ಇದ್ದಲ್ಲಿ ಆರು ಪ್ರಶ್ನೆ ಚಿಹ್ನೆ. ಒತ್ತು, ಕೊಂಬು ಎಲ್ಲ ಬೇರೆ ಬೇರೆ ಎಣಿಕೆ ನೋಡಿ. 'ಪೂಜಾರಿ' ಇದ್ದಲ್ಲೂ ಆರೇ. ಇನ್ನು ಯಾರು ಯಾರು ಅಂತ ಹೇಳುವುದು ಹೇಗೆ? "ಏನಪ್ಪಾ, ನಮ್ಮ ಹೆಸರನ್ನೇ ಪ್ರಶ್ನೆ ಮಾಡ್ತೀಯಾ?" ಅಂದರು ಹಿರಿಯರೊಬ್ಬರು. ಇಡೀ ಪಟ್ಟಿಯನ್ನು ಮತ್ತೆ ಟೈಪ್ ಮಾಡಿದೆ.

ಅದಕ್ಕೇ ಆ ಎರರ್ ಒಳ್ಳೆಯದು ಅನ್ನುವುದು. ಆದರೆ ಪೈಥಾನ್‌ನ ಕಾವಲು ಅರ್ಧವೇ. ಬೈಟ್ಸ್ ಟೈಪ್ ನೋಡಿದರೆ ಒಳಗಿರುವುದು ಯೂಟಿಎಫ್-8ಓ 16ಓ ಗೊತ್ತಾಗುವುದಿಲ್ಲ, ತಪ್ಪು ಸಿಗುವುದೂ ಕೋಡ್ ಓಡಿದಾಗಲೇ. ರಸ್ಟ್ ಅನ್ನುವ ಇನ್ನೊಂದು ಭಾಷೆ ಇನ್ನೂ ಜಾಸ್ತಿ ಕಟ್ಟುನಿಟ್ಟು: ಅದರ ಸ್ಟ್ರಿಂಗ್ ಅಂದರೆ ಯೂಟಿಎಫ್-8 ಮಾತ್ರ. ಬೈಟ್‌ಗಳನ್ನು ಅದರ ಜಾಗಕ್ಕೆ ಕೊಟ್ಟರೆ ಕಂಪೈಲೇ ಆಗುವುದಿಲ್ಲ, ಅಂದರೆ ಓಡುವ ಮೊದಲೇ ತಪ್ಪು ಸಿಗುತ್ತದೆ.

ನಿಮ್ಮ ಕೋಡಿನಲ್ಲಿ ಕೂಡಿಸುವ ಸಾಲನ್ನು ಮುಟ್ಟಬೇಡಿ. ಫೈಲ್ ಓದುವ ಸಾಲಿಗೆ ಹೋಗಿ, ಅಲ್ಲೇ ಡಿಕೋಡ್ ಮಾಡಿ (ಬೈಟ್‌ಗಳನ್ನು ಅಕ್ಷರ ಮಾಡಿ). ಎನ್‌ಕೋಡಿಂಗ್ ಹೆಸರನ್ನು ನೀವೇ ಬರೆಯಿರಿ. ವಿಂಡೋಸ್‌ಗೆ ಬಿಟ್ಟರೆ ಅದು ತನ್ನದೇ ಯಾವುದೋ ಒಂದನ್ನು ಹಿಡಿದುಕೊಳ್ಳಬಹುದು.