ಕಡಲ ಮಟ್ಟ ಅಳೆಯಲು ಮೂರು ವರ್ಷದ ಅನುದಾನ ಸಾಕೇ?

ಪ್ರಶ್ನೆ: ಕುಂದಾಪುರದ ಕಡೆ ಕಾಲೇಜಿನಲ್ಲಿ ಭೂಗೋಳ ಕಲಿಸುತ್ತೇನೆ. ನಮ್ಮೂರಲ್ಲಿ ಕಡಲು ಎಷ್ಟು ಏರುತ್ತಿದೆ ಎಂದು ಅಳೆಯುವ ಆಸೆಯಿದೆ. ಸರ್ಕಾರದ ಹಣ ಎಲ್ಲಿ ಸಿಗುತ್ತದೆ ಸರ್? ಮೂರು ವರ್ಷ ಅಳೆದರೆ ಸಾಕೇ?

ಉತ್ತರ: ಸಾಲದು. ಉತ್ತರ ಹಿಂದೂ ಮಹಾಸಾಗರದ ಮಟ್ಟ 1993ರಿಂದೀಚೆಗೆ ವರ್ಷಕ್ಕೆ ಸುಮಾರು 3.3 ಮಿಲಿಮೀಟರ್ ಏರಿದೆ. ಮೂರು ವರ್ಷಕ್ಕೆ ಒಂದು ಸೆಂಟಿಮೀಟರ್ ಆಯಿತು. ಮುಂಗಾರಿನ ಗಾಳಿ, ನೀರಿನ ಉಷ್ಣತೆ, ಎಲ್‌ನಿನೊ ಸೇರಿ ಅದಕ್ಕಿಂತ ದೊಡ್ಡ ಏರುಪೇರನ್ನು ಒಂದೇ ವರ್ಷದಲ್ಲಿ ಮಾಡಿಬಿಡುತ್ತವೆ. ಚಂದ್ರನ ಕಕ್ಷೆಯಿಂದಾಗುವ 18.6 ವರ್ಷಗಳ ಆವರ್ತವೂ ಇದೆ. ಮುಂಬಯಿಯ ಟೈಡ್ ಗೇಜ್ (ಕಡಲ ಮಟ್ಟ ಅಳೆಯುವ ಉಪಕರಣ) ದಾಖಲೆಗೆ ಬೆಲೆ ಬಂದದ್ದು ಅದು 1878ರಷ್ಟು ಹಿಂದಿನಿಂದ ಇರುವುದರಿಂದ.

ಇನ್ನೊಂದು ತೊಡಕು, ಗೇಜ್ ನಿಂತ ನೆಲವೇ ಕುಸಿಯಬಹುದು. ಪಶ್ಚಿಮ ಬಂಗಾಳದ ಹೂಗ್ಲಿ ನದಿ ದಡದ ಡೈಮಂಡ್ ಹಾರ್ಬರಿನಲ್ಲಿ ಏರಿಕೆ ಹೆಚ್ಚು ಕಾಣುವುದಕ್ಕೆ ಅದೂ ಒಂದು ಕಾರಣ. ದಕ್ಕೆ ರಿಪೇರಿಯಾದಾಗ ಗೇಜನ್ನು ಪಕ್ಕಕ್ಕೆ ಸರಿಸಿ, ಹತ್ತಿರದ ಬೆಂಚ್‌ಮಾರ್ಕಿಗೆ (ಎತ್ತರ ಗೊತ್ತಿರುವ ಕಾಯಂ ಗುರುತಿಗೆ) ಮತ್ತೆ ಲೆವೆಲಿಂಗ್ ಮಾಡದಿದ್ದರೆ, ಅಂದರೆ ಎತ್ತರ ತಾಳೆ ನೋಡದಿದ್ದರೆ, ಹಳೆಯ ದಾಖಲೆಗೂ ಹೊಸದಕ್ಕೂ ಕೊಂಡಿ ತಪ್ಪುತ್ತದೆ. ಗೇಜ್ ಕೊಳ್ಳಲು ಹಣ ಸಿಕ್ಕೀತು, ಇಪ್ಪತ್ತು ವರ್ಷ ಅದನ್ನು ನೋಡಿಕೊಳ್ಳಲು ಪ್ರಾಜೆಕ್ಟ್ ಹಣ ಬಾರದು. ಆ ಕೆಲಸ ಸರ್ವೆ ಆಫ್ ಇಂಡಿಯಾದಂಥ ಕಾಯಂ ಸಂಸ್ಥೆಗಳಿಗೇ ಇರಲಿ.

ಮೂರು ವರ್ಷದಲ್ಲಿ ಉತ್ತರ ಸಿಗುವ ಪ್ರಶ್ನೆ ಹಿಡಿಯಿರಿ. ಉಪ್ಪುನೀರು ಹೊಳೆಯಲ್ಲಿ ಎಷ್ಟು ಮೇಲಕ್ಕೆ ಬರುತ್ತದೆ, ಕಿಂಡಿ ಅಣೆಕಟ್ಟಿಗೆ ಹಲಗೆ ಹಾಕಿದ ಮೇಲೆ ಆಚೀಚೆಯ ಬಾವಿಗಳಲ್ಲಿ ಏನಾಗುತ್ತದೆ ಎಂಬುದು ಒಳ್ಳೆಯ ವಿಷಯ. ಬಾವಿಯ ನೀರಿನ ಮಟ್ಟವನ್ನೂ ವಿದ್ಯುತ್ ವಾಹಕತೆಯನ್ನೂ (ಉಪ್ಪು ಹೆಚ್ಚಿದಷ್ಟು ಇದೂ ಹೆಚ್ಚು) ತಿಂಗಳಿಗೊಮ್ಮೆ, ಮಾರ್ಚ್‌ನಿಂದ ಮೇವರೆಗೆ ವಾರಕ್ಕೊಮ್ಮೆ ಅಳೆಯಿರಿ. ಮೇಲಿನ ನೀರು ಸಿಹಿಯಿದ್ದು ತಳದಲ್ಲಿ ಉಪ್ಪಿರಬಹುದು, ಎರಡು ಆಳದಲ್ಲಿ ನೋಡಿ. ಪಂಪು ಓಡುವಾಗ ತೆಗೆದ ಅಂಕಿ ಬೇರೆಯದರೊಂದಿಗೆ ಹೋಲಿಕೆಗೆ ಬಾರದು. ಸಮಯ, ಉಬ್ಬರವೋ ಇಳಿತವೋ ಎಂಬುದನ್ನೂ ಬರೆದಿಡಿ. ವಾಹಕತೆಯ ಮೀಟರನ್ನು ಪ್ರತಿ ಸಲವೂ ಪ್ರಮಾಣಿತ ದ್ರಾವಣದಲ್ಲಿ (ವಾಹಕತೆ ಮೊದಲೇ ಗೊತ್ತಿರುವ ದ್ರಾವಣ) ಪರೀಕ್ಷಿಸಬೇಕು.

ಹಣಕ್ಕೆ ಎರಡು ಬಾಗಿಲು. ಭೂ ವಿಜ್ಞಾನ ಸಚಿವಾಲಯದ 'ಪೃಥ್ವಿ' ಯೋಜನೆಗೆ 2024ರ ಜನವರಿಯಲ್ಲಿ ಸಂಪುಟ ಒಪ್ಪಿಗೆ ಕೊಟ್ಟಿತು: 2021–26ರ ಅವಧಿಗೆ 4,797 ಕೋಟಿ ರೂಪಾಯಿ. ಅದರೊಳಗಿನ 'ರೀಚ್‌ಔಟ್' ಭಾಗ ಸಂಶೋಧನೆ, ತರಬೇತಿಗಳಿಗೆ ಮೀಸಲು. ಇನ್ನೊಂದು, 2023ರ ಕಾಯ್ದೆಯಿಂದ ಬಂದ ಅನುಸಂಧಾನ್ ನ್ಯಾಷನಲ್ ರಿಸರ್ಚ್ ಫೌಂಡೇಶನ್. ಸಂಶೋಧನೆಗೆ ಅನುದಾನ ಕೊಡುತ್ತಿದ್ದ ಹಳೆಯ ಮಂಡಳಿ ಎಸ್‌ಇಆರ್‌ಬಿ ಇದರಲ್ಲೇ ಸೇರಿದೆ.

ಪ್ರಶ್ನೆ: ಅನುದಾನದ ಮೊದಲ ಕಂತು ಬಂತು, ಎರಡನೆಯದು ಬರುತ್ತಲೇ ಇಲ್ಲ. ಏಕೆ? (ಓದುಗರು, ಕಾರವಾರ)

ಉತ್ತರ: ಬಹುತೇಕ ಬಳಕೆ ಪ್ರಮಾಣಪತ್ರದಲ್ಲಿ, ಅಂದರೆ ಕೇಂದ್ರದ ಸಾಮಾನ್ಯ ಹಣಕಾಸು ನಿಯಮಗಳ (ಜಿಎಫ್‌ಆರ್) 12-ಎ ನಮೂನೆಯಲ್ಲಿ ಗಂಟು ಬಿದ್ದಿರುತ್ತದೆ. ಅದರ ಅಂಕಿ, ಖರ್ಚಿನ ಪಟ್ಟಿ, ಬ್ಯಾಂಕ್ ಖಾತೆ ಮೂರೂ ತಾಳೆಯಾಗಬೇಕು. ಆರ್ಡರ್ ಕೊಟ್ಟ ಮಾತ್ರಕ್ಕೆ ಉಪಕರಣದ ಬೆಲೆಯನ್ನು ಖರ್ಚೆಂದು ತೋರಿಸಬೇಡಿ. ಉಪಕರಣದ ಹಣದಲ್ಲಿ ಅನುಮತಿಯಿಲ್ಲದೆ ಸಂಬಳ ಕೊಟ್ಟರೂ ಆಕ್ಷೇಪ ಬರುತ್ತದೆ. ಖಾತೆಯಲ್ಲಿ ಬೆಳೆದ ಬಡ್ಡಿ ನಿಮ್ಮದಲ್ಲ, ಭಾರತದ ಸಂಚಿತ ನಿಧಿಗೆ ಕಟ್ಟಿ ರಸೀದಿ ಲಗತ್ತಿಸಿ. ಕಾಲೇಜಿನ ಲೆಕ್ಕ ವಿಭಾಗಕ್ಕೆ ಇದನ್ನು ಮಾರ್ಚ್ ಕೊನೆಯ ವಾರದಲ್ಲಲ್ಲ, ಜನವರಿಯಲ್ಲೇ ನೆನಪಿಸಿ.

ಪ್ರಶ್ನೆ: ದಂಡೆ ಕೊರೆತವೆಲ್ಲ ಕಡಲ ಏರಿಕೆಯಿಂದಲೇ? (ಓದುಗರು, ಉಳ್ಳಾಲ)

ಉತ್ತರ: ಅಲ್ಲ. ಬಂದರಿನ ಬ್ರೇಕ್‌ವಾಟರ್ (ಅಲೆ ತಡೆಯಲು ಕಡಲಿಗೆ ಚಾಚಿ ಕಟ್ಟಿದ ತಡೆಗೋಡೆ) ಮರಳಿನ ಓಟವನ್ನು ತಡೆದು ಒಂದು ಬದಿ ತುಂಬಿಸಿ ಇನ್ನೊಂದು ಬದಿ ಕೊರೆಯುತ್ತದೆ. ಹೊಳೆಯ ಮರಳು ತೆಗೆದರೂ ದಂಡೆಗೆ ಬರುವ ಪಾಲು ಕಡಿಮೆಯಾಗುತ್ತದೆ. ಅನುದಾನದ ಅರ್ಜಿಯಲ್ಲಿ ಇವನ್ನು ಬಿಟ್ಟು ಹವಾಮಾನವನ್ನಷ್ಟೇ ದೂರಿದರೆ ಪರಿಶೀಲಕರು ಮೊದಲು ಕೇಳುವುದೇ ಇದನ್ನು.