ಮಗ ವಾಕಿಟಾಕಿ ಕೇಳುತ್ತಿದ್ದಾನೆ, ಕೊಡಿಸಬಹುದೇ?

ಪರವಾನಗಿ ಪಡೆದು ಸ್ವಂತ ರೇಡಿಯೊ ಸೆಟ್ಟಿನಿಂದ ಇತರ ಹವ್ಯಾಸಿಗಳೊಂದಿಗೆ ಮಾತನಾಡುವ ಹವ್ಯಾಸಿ ರೇಡಿಯೊ, ಅಂದರೆ ಹ್ಯಾಮ್ ರೇಡಿಯೊ ಕುರಿತು ಕರಾವಳಿಯ ಮೂವರು ಓದುಗರು ಕೇಳಿದ ಪ್ರಶ್ನೆಗಳಿಗೆ ಮಂಗಳೂರಿನ ಹಿರಿಯ ಹ್ಯಾಮ್ ಪರವಾನಗಿದಾರರೊಬ್ಬರು ಇಲ್ಲಿ ಉತ್ತರಿಸಿದ್ದಾರೆ.

ಪ್ರಶ್ನೆ: ನನ್ನ ಮಗ ಒಂಬತ್ತನೇ ತರಗತಿಯಲ್ಲಿದ್ದಾನೆ. ಶಾಲೆಗೆ ಯಾರೋ ಬಂದು ಹ್ಯಾಮ್ ರೇಡಿಯೊ ತೋರಿಸಿ ಹೋದ ಮೇಲೆ ಅದೇ ಗುಂಗಿನಲ್ಲಿದ್ದಾನೆ. ಆನ್‌ಲೈನ್‌ನಲ್ಲಿ ಅಗ್ಗಕ್ಕೆ ವಾಕಿಟಾಕಿ ಸಿಗುತ್ತದೆ, ತರಿಸಿಕೊಡಿ ಎಂದು ಹಟ ಹಿಡಿದಿದ್ದಾನೆ. ಕೈಯಲ್ಲಿ ಮೊಬೈಲ್ ಇರುವಾಗ ಇದೆಲ್ಲ ಯಾಕೆ ಎಂದು ಅವನ ಅಪ್ಪ ಕೇಳುತ್ತಾರೆ. ಇದು ಕಾನೂನುಬದ್ಧವೇ? ಬರುವ ವರ್ಷ ಎಸ್ಸೆಸ್ಸೆಲ್ಸಿ ಬೇರೆ ಇದೆ, ಓದಿಗೆ ತೊಂದರೆಯಾಗುವುದಿಲ್ಲವೇ? (ಒಬ್ಬ ತಾಯಿ, ಉಡುಪಿ)

ಉತ್ತರ: ಮೊದಲು ಕಾನೂನಿನ ಮಾತು. ವಾಕಿಟಾಕಿಯನ್ನು ಈಗ ತರಿಸಬೇಡಿ. ನಮ್ಮ ದೇಶದಲ್ಲಿ ಪರವಾನಗಿ ಇಲ್ಲದೆ ಬಳಸಬಹುದಾದ ಕೈಸೆಟ್ಟುಗಳು 446.0ರಿಂದ 446.2 ಮೆಗಾಹರ್ಟ್ಸ್‌ವರೆಗಿನ ಕಿರಿದಾದ ಆವರ್ತನ ಪಟ್ಟಿಗೆ ಮಾತ್ರ ಸೀಮಿತವಾಗಿವೆ. ಅಗ್ಗದ ಬೆಲೆಗೆ ಮಾರಾಟವಾಗುವ ಎಷ್ಟೋ ಸೆಟ್ಟುಗಳು ಆ ಪಟ್ಟಿಯನ್ನು ದಾಟಿ, ದೋಣಿಗಳು ಮತ್ತು ಪೊಲೀಸರು ಬಳಸುವ ಆವರ್ತನಗಳಲ್ಲೂ ಪ್ರಸಾರ ಮಾಡಬಲ್ಲವು. ಇಂಥ ಸೆಟ್ಟುಗಳನ್ನು ಎಗ್ಗಿಲ್ಲದೆ ಮಾರುತ್ತಿದ್ದ ಆನ್‌ಲೈನ್ ತಾಣಗಳಿಗೆ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2025ರಲ್ಲಿ ನೋಟಿಸು ಕೊಟ್ಟು, ಮಾರ್ಗಸೂಚಿಯನ್ನೂ ಹೊರಡಿಸಿತು. ಹುಡುಗ ಕುತೂಹಲಕ್ಕೆ ಗುಂಡಿ ಒತ್ತಿದರೂ ಅದು ಅಪರಾಧವೇ ಆಗುತ್ತದೆ. ಕಡಲ ತೀರದ ನಮ್ಮ ಜಿಲ್ಲೆಗಳಲ್ಲಿ ಅಪರಿಚಿತ ಪ್ರಸಾರವನ್ನು ಯಾರೂ ಹಗುರವಾಗಿ ಪರಿಗಣಿಸುವುದಿಲ್ಲ.

ಆದರೆ ದಾರಿ ಮುಚ್ಚಿಲ್ಲ. ಹ್ಯಾಮ್ ಪರವಾನಗಿ ಪಡೆಯಲು ಬೇಕಾದ ಕನಿಷ್ಠ ವಯಸ್ಸು 12 ವರ್ಷ, ಆದ್ದರಿಂದ ನಿಮ್ಮ ಮಗ ಈಗಾಗಲೇ ಅರ್ಹ. ದೂರಸಂಪರ್ಕ ಇಲಾಖೆ ನಡೆಸುವ ಪರೀಕ್ಷೆಯಲ್ಲಿ ಎರಡು ದರ್ಜೆಗಳಿವೆ. ರಿಸ್ಟ್ರಿಕ್ಟೆಡ್ ದರ್ಜೆಗೆ ರೇಡಿಯೊ ಸಿದ್ಧಾಂತ ಮತ್ತು ನಿಯಮಾವಳಿ ತಿಳಿದಿದ್ದರೆ ಸಾಕು. ಜನರಲ್ ದರ್ಜೆಗೆ ಇವುಗಳ ಜೊತೆಗೆ ನಿಮಿಷಕ್ಕೆ ಎಂಟು ಪದಗಳ ವೇಗದಲ್ಲಿ ಮೋರ್ಸ್ ಸಂಕೇತವನ್ನು ಕಳುಹಿಸಲೂ ಬರೆದುಕೊಳ್ಳಲೂ ಬರಬೇಕು. ಮೊದಲನೆಯವರ ಕರೆಸಂಕೇತ, ಅಂದರೆ ಪ್ರತಿ ಹ್ಯಾಮ್‌ಗೂ ಸಿಗುವ ಪ್ರತ್ಯೇಕ ಗುರುತು, ವಿಯು3 ಎಂದೂ ಎರಡನೆಯವರದು ವಿಯು2 ಎಂದೂ ಆರಂಭವಾಗುತ್ತದೆ. ಅರ್ಜಿಯನ್ನು ಇಲಾಖೆಯ ಸರಳ್ ಸಂಚಾರ್ ಜಾಲತಾಣದಲ್ಲಿ ಸಲ್ಲಿಸಬೇಕು. ನಮ್ಮ ಭಾಗದವರ ಅನುಕೂಲವೆಂದರೆ, ಕೇಂದ್ರ ಸರ್ಕಾರದ ನಿಸ್ತಂತು ನಿಗಾ ಕೇಂದ್ರಗಳಲ್ಲಿ ಒಂದು ಮಂಗಳೂರಿನಲ್ಲೇ ಇದೆ. ಪರೀಕ್ಷೆಯ ವಿಚಾರವನ್ನು ಅಲ್ಲಿಯೇ ಕೇಳಿ ತಿಳಿಯಬಹುದು.

ಓದಿನ ಚಿಂತೆಗೆ ನನ್ನ ಉತ್ತರ ಅರ್ಧ ಸಮಾಧಾನ, ಅರ್ಧ ಎಚ್ಚರಿಕೆ. ಸಮಾಧಾನವೇನೆಂದರೆ, ಪರೀಕ್ಷೆಯ ಮೊದಲ ಭಾಗದ ಓಮನ ನಿಯಮ, ರೋಧಗಳ ಜೋಡಣೆ, ವಿದ್ಯುತ್ ಸಾಮರ್ಥ್ಯದ ಲೆಕ್ಕ ಇವೆಲ್ಲ ಹತ್ತನೇ ತರಗತಿಯ ವಿಜ್ಞಾನ ಪುಸ್ತಕದ ವಿದ್ಯುತ್ ಪಾಠಕ್ಕೆ ಬಹಳ ಹತ್ತಿರದವು, ಮತ್ತು ಸ್ವಂತ ಕೈಯಿಂದ ಬೆಸುಗೆ ಹಾಕಿ ಒಂದೆರಡು ಬಿಡಿಭಾಗ ಸುಟ್ಟುಕೊಂಡ ಹುಡುಗನಿಗೆ ಆ ಪಾಠವನ್ನು ಉರುಹೊಡೆಯುವ ಅಗತ್ಯ ಬೀಳುವುದಿಲ್ಲ. ಎಚ್ಚರಿಕೆಯೇನೆಂದರೆ, ಪರವಾನಗಿ ಕೈಗೆ ಬಂದ ಮೊದಲ ಆರು ತಿಂಗಳು ಸಂಜೆಗಳು ಎಲ್ಲಿ ಹೋದವೆಂದೇ ತಿಳಿಯುವುದಿಲ್ಲ. ಹಾಗಾಗಿ ಈ ವರ್ಷ ಪರೀಕ್ಷೆಯ ತಯಾರಿ ಮತ್ತು ಕೇಳುವಿಕೆ, ಎಸ್ಸೆಸ್ಸೆಲ್ಸಿ ಮುಗಿದ ರಜೆಯಲ್ಲಿ ಸೆಟ್ಟು ಎಂದು ಒಪ್ಪಂದ ಮಾಡಿಕೊಳ್ಳುವುದು ಒಳ್ಳೆಯದು.

ಕೇಳುವಿಕೆ ಎಂಬ ಮಾತನ್ನು ಬೇಕೆಂದೇ ಬರೆದೆ. ಈ ಹವ್ಯಾಸಕ್ಕೆ ಬರುವವರಲ್ಲಿ ಮೊದಲೇ ಸೆಟ್ಟು ಕೊಂಡವರು ಬೇಗ ಬೇಸತ್ತು ಬಿಟ್ಟುಬಿಡುವುದನ್ನೂ, ವರ್ಷಗಟ್ಟಲೆ ಬರಿದೆ ಕೇಳುತ್ತಿದ್ದವರು ಉಳಿದುಕೊಳ್ಳುವುದನ್ನೂ ನಾನು ಕಂಡಿದ್ದೇನೆ. ಕೇಳಲು ಇಂದು ಯಂತ್ರವೂ ಬೇಕಾಗಿಲ್ಲ. ನೆದರ್ಲೆಂಡ್ಸ್‌ನ ಟ್ವೆಂಟೆ ವಿಶ್ವವಿದ್ಯಾಲಯದಲ್ಲಿರುವ ರೇಡಿಯೊ ರಿಸೀವರನ್ನು ಅಂತರ್ಜಾಲದ ಮೂಲಕ ಯಾರು ಬೇಕಾದರೂ ಉಚಿತವಾಗಿ ತಿರುಗಿಸಿ ಶಾರ್ಟ್‌ವೇವ್ ಆಲಿಸಬಹುದು. ಇದರ ಜೊತೆಗೆ ಹತ್ತಿರದ ಪರವಾನಗಿದಾರರ ಮನೆಯಲ್ಲಿ ಒಂದು ಬೆಳಗ್ಗೆ ಕುಳಿತುಕೊಳ್ಳಲಿ. ಮಂಗಳೂರಿನಲ್ಲಿ ಹವ್ಯಾಸಿ ರೇಡಿಯೊ ಕ್ಲಬ್ ಇದೆ, ಉಡುಪಿ ಮಣಿಪಾಲದ ಕಡೆಯೂ ಹ್ಯಾಮ್‌ಗಳಿದ್ದಾರೆ. ಆಸಕ್ತಿಯಿಂದ ಬಂದ ಮಕ್ಕಳನ್ನು ಅವರು ಬಾಗಿಲಲ್ಲೇ ನಿಲ್ಲಿಸಿ ಕಳುಹಿಸುವವರಲ್ಲ.

ಇನ್ನು ಮಗನ ಅಪ್ಪನ ಪ್ರಶ್ನೆ. ಅದು ನ್ಯಾಯವಾದದ್ದೇ. ಮಾತು ತಲುಪಿಸುವುದಷ್ಟೇ ಗುರಿಯಾದರೆ ಮೊಬೈಲ್ ಸಾಕು, ಹ್ಯಾಮ್ ರೇಡಿಯೊ ಅದರೊಂದಿಗೆ ಸ್ಪರ್ಧಿಸಲಾರದು. ಆದರೆ ನಿಮ್ಮ ಮೊಬೈಲಿನ ಅಲೆ ಸಾಗುವುದು ಹತ್ತಿರದ ಟವರಿನವರೆಗೆ ಮಾತ್ರ. ಅಲ್ಲಿಂದ ಮುಂದೆ ಮಾತು ಬಹುಪಾಲು ಕೇಬಲಿನಲ್ಲಿ ಓಡುತ್ತದೆ, ಅದು ಹೇಗೆ ಹೋಯಿತೆಂದು ನಾವು ತಿಳಿಯಬೇಕಾದ ಅಗತ್ಯವೇ ಬೀಳುವುದಿಲ್ಲ. ಹ್ಯಾಮ್‌ನಲ್ಲಿ ನಡುವೆ ಯಾರೂ ಇಲ್ಲ. ಉಡುಪಿಯಿಂದ ಬೆಂಗಳೂರಿಗೆ 145 ಮೆಗಾಹರ್ಟ್ಸ್‌ನ ಕೈಸೆಟ್ಟಿನಲ್ಲಿ ಕರೆದರೆ ಅಲೆ ಘಟ್ಟಕ್ಕೆ ಬಡಿದು ನಿಲ್ಲುತ್ತದೆ. ಅದೇ ಹುಡುಗ ಬೆಳಗ್ಗೆ ಏಳರ ಹೊತ್ತಿಗೆ 7 ಮೆಗಾಹರ್ಟ್ಸ್‌ನಲ್ಲಿ ಕರೆದರೆ, ಅಲೆ ಮೇಲಕ್ಕೆ ಹೋಗಿ ಭೂಮಿಯಿಂದ ನೂರಾರು ಕಿಲೋಮೀಟರ್ ಎತ್ತರದ ಅಯಾನುಗೋಳವೆಂಬ ವಾಯುಪದರಕ್ಕೆ ತಾಗಿ ಬಾಗಿ, ಘಟ್ಟವನ್ನು ಹಾರಿ ಬೆಂಗಳೂರಿನಲ್ಲೋ ಚೆನ್ನೈಯಲ್ಲೋ ಇಳಿಯುತ್ತದೆ. ಅಯಾನುಗೋಳವನ್ನು ರೂಪಿಸುವುದು ಸೂರ್ಯನ ಕಿರಣವಾದ್ದರಿಂದ ಸಂಜೆಯಾಗುತ್ತಲೇ ಲೆಕ್ಕ ಬದಲಾಗುತ್ತದೆ, ಹತ್ತಿರದವರು ಮರೆಯಾಗಿ ದೂರದವರು ಕೇಳಿಸತೊಡಗುತ್ತಾರೆ. ಸೂರ್ಯನ ಚಟುವಟಿಕೆ ಏರಿಳಿಯುವ ಸುಮಾರು 11 ವರ್ಷಗಳ ಸೌರಚಕ್ರ ಉತ್ತುಂಗದಲ್ಲಿದ್ದಾಗ 28 ಮೆಗಾಹರ್ಟ್ಸ್‌ನಲ್ಲಿ ಕೆಲವೇ ವಾಟ್ ಶಕ್ತಿಯಿಂದ ಯುರೋಪಿಗೆ ಮಾತು ತಲುಪುತ್ತದೆ. ಚಕ್ರ ಇಳಿದಾಗ ಅದೇ ಪಟ್ಟಿ ದಿನಗಟ್ಟಲೆ ಮೌನವಾಗಿರುತ್ತದೆ. ಕರೆದವರು ಸಿಕ್ಕೇ ಸಿಗುತ್ತಾರೆಂಬ ಭರವಸೆ ಇಲ್ಲದಿರುವುದೇ ಹದಿಹರೆಯದವರನ್ನು ಇಲ್ಲಿ ಹಿಡಿದಿಡುತ್ತದೆ ಎಂಬುದು ನನ್ನ ಅಭಿಪ್ರಾಯ. ಒತ್ತಿದ ಕೂಡಲೇ ಎಲ್ಲವೂ ಸಿಗುವ ಕಾಲದಲ್ಲಿ ಬೆಳೆದ ಹುಡುಗನೊಬ್ಬ ಮೂರು ದಿನ ಬೆಳಗ್ಗೆ ಎದ್ದು ಕುಳಿತು ನಾಲ್ಕನೆಯ ಬೆಳಗ್ಗೆ ಜಪಾನಿನವರ ಉತ್ತರ ಪಡೆದರೆ, ಆ ಸಂಪರ್ಕ ಅವನು ದುಡಿದು ಗಳಿಸಿದ್ದಾಗಿರುತ್ತದೆ.

ಬಾಹ್ಯಾಕಾಶದ ಆಕರ್ಷಣೆಯೂ ಇದೆ. 2025ರ ಜುಲೈಯಲ್ಲಿ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿದ್ದ ಶುಭಾಂಶು ಶುಕ್ಲಾ ಅವರು ಹ್ಯಾಮ್ ರೇಡಿಯೊ ಸಂಪರ್ಕದ ಮೂಲಕ ಬೆಂಗಳೂರಿನ ಯು. ಆರ್. ರಾವ್ ಉಪಗ್ರಹ ಕೇಂದ್ರದಲ್ಲಿ ಸೇರಿದ್ದ ವಿದ್ಯಾರ್ಥಿಗಳೊಂದಿಗೆ ಮಾತನಾಡಿದರು. ಆ ಕೇಂದ್ರಕ್ಕೆ ಹೆಸರು ಕೊಟ್ಟ ರಾವ್ ಅವರು ನಿಮ್ಮ ಜಿಲ್ಲೆಯ ಅದಮಾರಿನಲ್ಲಿ ಹುಟ್ಟಿದವರೆಂಬುದನ್ನು ಮಗನಿಗೆ ನೆನಪಿಸಿ. ಸುಮಾರು 400 ಕಿಲೋಮೀಟರ್ ಎತ್ತರದಲ್ಲಿ ಹಾರುವ ಆ ನಿಲ್ದಾಣ ನಮ್ಮ ಆಕಾಶದಲ್ಲಿ ಒಮ್ಮೆಗೆ ಹತ್ತು ನಿಮಿಷದಷ್ಟು ಹೊತ್ತು ಮಾತ್ರ ಇರುತ್ತದೆ. ಅದು 145.800 ಮೆಗಾಹರ್ಟ್ಸ್‌ನಲ್ಲಿ ಪ್ರಸಾರ ಮಾಡುವಾಗ, ಹತ್ತಿರ ಬರುವಾಗ ಆವರ್ತನ ಮೂರೂವರೆ ಕಿಲೋಹರ್ಟ್ಸ್‌ನಷ್ಟು ಏರಿ ದೂರ ಸರಿಯುವಾಗ ಅಷ್ಟೇ ಇಳಿಯುವುದನ್ನು ಕಂಡ ಮಗುವಿಗೆ ಡಾಪ್ಲರ್ ಪರಿಣಾಮವನ್ನು ಬೇರೆ ಯಾರೂ ಕಲಿಸಬೇಕಾಗಿಲ್ಲ.

ಅಪರಿಚಿತರೊಂದಿಗೆ ಮಾತು ಎಂಬ ಅಳುಕು ನಿಮ್ಮಲ್ಲಿ ಇದ್ದರೆ ಒಂದು ಮಾತು: ಇಲ್ಲಿ ಗುಟ್ಟು ಎಂಬುದಿಲ್ಲ. ಗೂಢಲಿಪಿ, ವ್ಯಾಪಾರ, ಹಾಡು ಇವು ಯಾವುದಕ್ಕೂ ಅನುಮತಿ ಇಲ್ಲ. ಪ್ರತಿಯೊಬ್ಬರೂ ಕರೆಸಂಕೇತ ಹೇಳಿಯೇ ಮಾತನಾಡಬೇಕು, ಆಡಿದ್ದನ್ನು ಇಡೀ ನೆಟ್, ಅಂದರೆ ಆ ಆವರ್ತನದಲ್ಲಿ ಸೇರಿದ ಹ್ಯಾಮ್‌ಗಳ ಕೂಟ, ಕೇಳುತ್ತಿರುತ್ತದೆ. ಅಲ್ಲಿ ಹದಿಮೂರರ ಹುಡುಗನನ್ನೂ ಹಿರಿಯರು "ಓಎಂ" ಎಂದೇ ಕರೆಯುತ್ತಾರೆ, ಅದರ ಅರ್ಥ ಮುದುಕ ಎಂದು. ಮಕ್ಕಳಿಗೆ ಇದು ಬಹಳ ಖುಷಿ ಕೊಡುತ್ತದೆ.

ಪ್ರಶ್ನೆ: ನಮ್ಮದು ಮೀನುಗಾರಿಕೆಯ ಮನೆತನ. ಮಾವನ ಟ್ರಾಲ್ ಬೋಟಿನಲ್ಲಿ ವೈರ್‌ಲೆಸ್ ಸೆಟ್ ಇದೆ. ಅದರಲ್ಲಿಯೇ ಹ್ಯಾಮ್‌ಗಳೊಂದಿಗೆ ಮಾತನಾಡಬಹುದೇ? ಹ್ಯಾಮ್ ಆದರೆ ಸಮುದ್ರದಲ್ಲಿ ಉಪಯೋಗವಿದೆಯೇ? (22 ವರ್ಷದ ಓದುಗ, ಮಲ್ಪೆ)

ಉತ್ತರ: ಬೋಟಿನ ಸೆಟ್ಟು ಸಾಗರಯಾನಕ್ಕೆ ಮೀಸಲಾದ ಪಟ್ಟಿಯದು, ಅದರ ಪರವಾನಗಿಯೂ ಬೇರೆ. ಅದರ 16ನೇ ಚಾನೆಲ್, ಅಂದರೆ 156.8 ಮೆಗಾಹರ್ಟ್ಸ್, ಅಪಾಯದ ಕರೆಗೆ ಮತ್ತು ಮೊದಲ ಕರೆಗೆ ಇಡೀ ಜಗತ್ತೇ ಒಪ್ಪಿಕೊಂಡ ಜಾಗ. ಹ್ಯಾಮ್‌ಗಳ ಪಟ್ಟಿ ನಮ್ಮಲ್ಲಿ 144ರಿಂದ 146 ಮೆಗಾಹರ್ಟ್ಸ್‌ವರೆಗೆ. ಒಂದರ ಪರವಾನಗಿಯಿಂದ ಇನ್ನೊಂದರಲ್ಲಿ ಮಾತನಾಡುವಂತಿಲ್ಲ, ಮತ್ತು ಮೀನಿನ ದರ ವಿಚಾರಿಸುವುದು ವ್ಯಾಪಾರವಾದ್ದರಿಂದ ಹ್ಯಾಮ್‌ನಲ್ಲಿ ಅದು ಸಲ್ಲದು. ಜೀವಕ್ಕೆ ಕುತ್ತು ಬಂದಾಗ ಮಾತ್ರ ಕೈಗೆ ಸಿಕ್ಕ ಯಾವ ಸಾಧನದಿಂದಲಾದರೂ ನೆರವು ಕೂಗುವುದಕ್ಕೆ ಅಂತರರಾಷ್ಟ್ರೀಯ ನಿಯಮಗಳು ಅಡ್ಡಿ ಮಾಡುವುದಿಲ್ಲ.

ಉಪಯೋಗದ ಮಾತಿಗೆ ಬಂದರೆ, 2004ರ ಡಿಸೆಂಬರ್ 26ರ ಸುನಾಮಿಯನ್ನು ನೆನೆಯಬೇಕು. ಹ್ಯಾಮ್ ಪರವಾನಗಿದಾರರಾದ ಭಾರತಿ ಪ್ರಸಾದ್ ಅವರ ತಂಡ ಅಂಡಮಾನಿನ ಪೋರ್ಟ್ ಬ್ಲೇರ್‌ಗೆ ಹೋಗಿದ್ದದ್ದು ಕೇವಲ ಹವ್ಯಾಸಕ್ಕಾಗಿ. ಅಂಡಮಾನಿನಿಂದ ಹ್ಯಾಮ್ ಪ್ರಸಾರ ಅಪರೂಪವಾದ್ದರಿಂದ ಜಗತ್ತಿನೆಲ್ಲೆಡೆಯ ಹವ್ಯಾಸಿಗಳು ಅವರ ಸಂಪರ್ಕಕ್ಕೆ ಕಾದು ಕುಳಿತಿದ್ದರು. ದ್ವೀಪಗಳ ದೂರವಾಣಿ ಕಡಿದುಹೋದಾಗ ಅದೇ ಆಂಟೆನಾ, ಅದೇ ಸೆಟ್ಟು ಸುದ್ದಿ ಸಾಗಿಸುವ ಸಾಧನವಾದವು. ಎಲ್ಲವೂ ಆಗಲೇ ಕಟ್ಟಿ ಸಿದ್ಧವಾಗಿದ್ದುದರಿಂದ, ನಡೆಸಲು ಪಳಗಿದ ಕೈಗಳೂ ಅಲ್ಲಿಯೇ ಇದ್ದುದರಿಂದ ಅದು ಸಾಧ್ಯವಾಯಿತು.

ನಿಮಗೆ ಕಡಲಿನ ಪರಿಚಯ ಇರುವುದರಿಂದ ಇನ್ನೊಂದು ಸಂಗತಿ ಹೇಳುತ್ತೇನೆ. ಬೇಸಗೆಯಲ್ಲಿ ಕೆಲವು ಸಂಜೆ ಎಫ್‌ಎಂ ರೇಡಿಯೊದಲ್ಲಿ ಎಲ್ಲಿಯದೋ ದೂರದ ನಿಲ್ದಾಣ ನುಗ್ಗಿ ಬರುವುದನ್ನು ನೀವೂ ಗಮನಿಸಿರಬಹುದು. ನೀರಿಗೆ ಅಂಟಿದ ತಂಪು ತೇವದ ಗಾಳಿಯ ಮೇಲೆ ಬಿಸಿಯಾದ ಒಣ ಗಾಳಿ ಹಾಸಿಕೊಂಡಾಗ ಅವೆರಡರ ನಡುವೆ ಅಲೆಗಳಿಗೆ ಕೊಳವೆಯಂಥ ದಾರಿ ಏರ್ಪಡುತ್ತದೆ. ಕಿನಾರೆಯಲ್ಲಿ ನಿಂತು ಹಿಡಿದ ಕೈಸೆಟ್ಟಿನ ದಿಗಂತ ಸಾಮಾನ್ಯವಾಗಿ ಐದಾರು ಕಿಲೋಮೀಟರ್ ಅಷ್ಟೆ. ಅಂಥ ದಿನಗಳಲ್ಲಿ ಅದು ನೂರಾರು ಕಿಲೋಮೀಟರ್ ದಾಟುತ್ತದೆ. ಪಡುವಣಕ್ಕೆ ಮುಖ ಮಾಡಿದ ನಮ್ಮ ಕರಾವಳಿಯ ಹ್ಯಾಮ್‌ಗಳಿಗೆ ಬೆಂಗಳೂರಿನವರಿಗಿಲ್ಲದ ಭಾಗ್ಯವಿದು.

ಪ್ರಶ್ನೆ: ಸುರತ್ಕಲ್‌ನಲ್ಲಿ ಇಂಜಿನಿಯರಿಂಗ್ ಓದುತ್ತಾ ಫ್ಲಾಟಿನಲ್ಲಿದ್ದೇನೆ, ಪರವಾನಗಿ ಬಂದಿದೆ. ಎಫ್‌ಟಿ8 ಎಂಬ ಡಿಜಿಟಲ್ ವಿಧಾನದಲ್ಲಿ ದೂರದ ದೇಶಗಳು ಸಿಗುತ್ತಿವೆ. ಆದರೆ ಹಿರಿಯರೊಬ್ಬರು ಇದು ರೇಡಿಯೊ ಅಲ್ಲ, ಕಂಪ್ಯೂಟರ್ ಆಟ ಎಂದರು. ನಿಮ್ಮ ಅಭಿಪ್ರಾಯವೇನು? (ವಿದ್ಯಾರ್ಥಿ, ಸುರತ್ಕಲ್)

ಉತ್ತರ: ಆ ಹಿರಿಯರ ಮಾತನ್ನು ನಾನು ಒಪ್ಪುವುದಿಲ್ಲ, ಆದರೆ ಅವರು ಹಾಗೆ ಹೇಳಿದ್ದೇಕೆಂದು ಅರ್ಥವಾಗುತ್ತದೆ. ಎಫ್‌ಟಿ8 ಅನ್ನು 2017ರಲ್ಲಿ ಹೊರತಂದವರು ಜೋ ಟೇಲರ್ ಮತ್ತು ಸ್ಟೀವ್ ಫ್ರಾಂಕೆ ಎಂಬ ಹ್ಯಾಮ್‌ಗಳು. ಇವರಲ್ಲಿ ಟೇಲರ್ 1993ರಲ್ಲಿ ಭೌತವಿಜ್ಞಾನದ ನೊಬೆಲ್ ಪಡೆದವರು. ಹದಿನೈದು ಸೆಕೆಂಡಿಗೊಂದು ಸರದಿ, ಸುಮಾರು 50 ಹರ್ಟ್ಸ್ ಅಗಲದ ಸಂಕೇತ, ಕಿವಿಗೆ ಕೇಳಿಸದಷ್ಟು ಕ್ಷೀಣವಾದದ್ದನ್ನೂ ಗದ್ದಲದಿಂದ ಹೆಕ್ಕಿ ತೆಗೆಯುವ ಗಣಿತ: ಇದು ರೇಡಿಯೊ ಅಲ್ಲದಿದ್ದರೆ ಮತ್ತೇನು? ತಂತಿ ಕಟ್ಟಲು ಜಾಗವಿಲ್ಲದ ಫ್ಲಾಟಿನವರ ಪಾಲಿಗಂತೂ ಇದು ವರವೇ ಸರಿ. ಆದರೆ ಅಲ್ಲಿ ಸಿಗುವುದು ಕರೆಸಂಕೇತ, ಸ್ಥಳ ಮತ್ತು ಸಂಕೇತದ ಬಲ ಇಷ್ಟೇ. ಎದುರಿನವರ ಊರಲ್ಲಿ ಮಳೆಯೋ ಬಿಸಿಲೋ ಎಂಬುದೂ ತಿಳಿಯುವುದಿಲ್ಲ. ಆದ್ದರಿಂದ ಅದನ್ನು ಬಿಡದೆ, ವಾರಕ್ಕೊಮ್ಮೆಯಾದರೂ ಬಾಯಿ ಬಿಟ್ಟು ಮಾತನಾಡಿ, ಸಾಧ್ಯವಾದರೆ ಮೋರ್ಸ್ ಕಲಿತು ಜನರಲ್ ದರ್ಜೆಗೆ ಏರಿ.

ಫ್ಲಾಟಿನಲ್ಲಿ ನಿಮ್ಮ ನಿಜವಾದ ಶತ್ರು ಗದ್ದಲ. ಅಗ್ಗದ ಎಲ್‌ಇಡಿ ಬಲ್ಬು, ಮೊಬೈಲ್ ಚಾರ್ಜರ್, ಇನ್ವರ್ಟರ್ ಇವೆಲ್ಲ ಶಾರ್ಟ್‌ವೇವ್‌ನಲ್ಲಿ ಕರಕರ ಎಬ್ಬಿಸುತ್ತವೆ. ಸಣ್ಣ ಬ್ಯಾಟರಿ ರೇಡಿಯೊ ಹಿಡಿದು ಕೋಣೆ ಕೋಣೆ ಸುತ್ತಿ ಕಳ್ಳನನ್ನು ಪತ್ತೆ ಹಚ್ಚಿ. ರಜೆಯಲ್ಲಿ ಊರಿನ ಮನೆಗೆ ಹೋದಾಗ ಎರಡು ತೆಂಗಿನ ಮರಗಳ ನಡುವೆ ತಂತಿ ಕಟ್ಟಿ ನೋಡಿ. 7.1 ಮೆಗಾಹರ್ಟ್ಸ್‌ನ ಡೈಪೋಲ್ ಎಂಬ ತಂತಿ ಆಂಟೆನಾಕ್ಕೆ ಬೇಕಾದದ್ದು ಒಟ್ಟು 20 ಮೀಟರ್ ತಾಮ್ರದ ತಂತಿ, ನಡುವೆ ಕತ್ತರಿಸಿ ಎರಡು ಸಮಭಾಗ. ಗಾಳಿಗೆ ಮರ ತೂಗುವುದರಿಂದ ಹಗ್ಗವನ್ನು ಬಿಗಿಯಾಗಿ ಎಳೆದು ಕಟ್ಟಬೇಡಿ.

ನಿಮ್ಮ ಬಾಗಿಲಲ್ಲೇ ಕಡಲಿದೆ ಎಂಬುದನ್ನೂ ಮರೆಯಬೇಡಿ. ಉಪ್ಪುನೀರು ಒಳ್ಳೆಯ ವಾಹಕವಾದ್ದರಿಂದ, ನೀರಿನಂಚಿನಲ್ಲಿ ನೆಟ್ಟ ಲಂಬ ಆಂಟೆನಾದಿಂದ ಅಲೆಗಳು ದಿಗಂತಕ್ಕೆ ಹತ್ತಿರವಾದ ಕೋನದಲ್ಲಿ ಹೊರಟು ಬಹುದೂರ ಸಾಗುತ್ತವೆ. ಆದರೆ ಪರವಾನಗಿಯಲ್ಲಿ ನಮೂದಾದ ವಿಳಾಸದಿಂದ ಹೊರಗೆ ಪ್ರಸಾರ ಮಾಡುವ ಮುನ್ನ ನಿಮ್ಮ ಪರವಾನಗಿಯ ಷರತ್ತುಗಳನ್ನು ಓದಿಕೊಳ್ಳಿ, ಕಿನಾರೆಗೆ ಹೋಗುವುದಾದರೆ ಕರಾವಳಿ ಕಾವಲು ಪೊಲೀಸರಿಗೆ ಮೊದಲೇ ತಿಳಿಸಿ, ಪರವಾನಗಿಯ ಪ್ರತಿ ಜೇಬಿನಲ್ಲಿರಲಿ.

ಕಡಲಿನ ಉಪ್ಪು ಕನೆಕ್ಟರುಗಳನ್ನು ತಿನ್ನುತ್ತದೆ. ನನ್ನ ಮೊದಲ ಆಂಟೆನಾ ಒಂದೇ ಮಳೆಗಾಲದಲ್ಲಿ ಕಿವುಡಾಯಿತು. ಬಿಚ್ಚಿ ನೋಡಿದರೆ ಕೇಬಲಿನ ಒಳಗಿನ ಜಾಲರಿ ಒಂದು ಮೀಟರ್ ಉದ್ದಕ್ಕೆ ಹಸಿರುಗಟ್ಟಿತ್ತು, ಟೇಪು ಸುತ್ತುವ ಸೋಮಾರಿತನ ನನ್ನದೇ. ಪ್ರತಿ ಜೋಡಣೆಗೂ ತನಗೆ ತಾನೇ ಅಂಟಿಕೊಳ್ಳುವ ರಬ್ಬರ್ ಟೇಪು ಸುತ್ತಿ, ಕೇಬಲ್ ಮನೆಯೊಳಗೆ ಹೊಗುವ ಮುನ್ನ ನೀರು ತೊಟ್ಟಿಕ್ಕಿ ಹೋಗುವಂತೆ ಕೆಳಕ್ಕೆ ಒಂದು ಬಳಸು ಬಿಡಿ. ಮುಂಗಾರಿಗೆ ಮುಂಚಿನ ಮೇ ತಿಂಗಳ ಸಂಜೆಗಳಲ್ಲಿ, ಮಳೆ ಹಿಂದೆಗೆಯುವ ಅಕ್ಟೋಬರಿನಲ್ಲಿ, ಗುಡುಗು ದೂರದಲ್ಲಿ ಕೇಳಿಸಿದರೂ ಪ್ರಸಾರ ನಿಲ್ಲಿಸಿಬಿಡಿ. ಮೋಡ ಕಟ್ಟುವ ಮೊದಲೇ ಆಂಟೆನಾ ಕೇಬಲನ್ನು ಸೆಟ್ಟಿನಿಂದ ಕಿತ್ತು, ತುದಿಯನ್ನು ಕಿಟಕಿಯ ಹೊರಗಿಡುವುದನ್ನು ರೂಢಿ ಮಾಡಿಕೊಳ್ಳಿ. ಸಿಡಿಲು ತಲೆಯ ಮೇಲೆ ಬಂದ ಮೇಲೆ ಅದನ್ನು ಮುಟ್ಟಲೂ ಹೋಗಬೇಡಿ.